ಅವಳ ಕಡೆಯ ಸ್ಪೀಕರ್

ಎಡಗಡೆಯ ಸ್ಪೀಕರ್ ಸತ್ತಿಲ್ಲ, ಹಾಗಂತ ಬದುಕಿಯೂ ಇಲ್ಲ ಎನ್ನುವುದು ಗುರುಮಲ್ಲಯ್ಯನಿಗೆ ಈಗ ಖಾತ್ರಿಯಾಗಿತ್ತು. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯುವ ಮೊದಲೇ ಕೀಲಿಯನ್ನು ಅರ್ಧ ತಿರುಗಿಸಿ, ಕ್ಯಾಸೆಟ್ ತೂರಿಸಿ, ಗಾಜು ಏರಿಸಿಕೊಂಡು ಕುಳಿತಿದ್ದ. ಮಾದಪ್ಪ ದೇವರ ಕತೆ ಹಾಡಿ ಹೇಳುವವನ ದನಿ ಬಲಗಡೆಯ ಬಾಗಿಲಿನಿಂದ ಗಟ್ಟಿಯಾಗಿ, ಗಂಟಲಿನ ಒರಟು ಸಮೇತ ಬರುತ್ತಿತ್ತು. ಅವನು ಒಂದು ಸಾಲು ಹೇಳಿ ಬಿಟ್ಟಮೇಲೆ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳಬೇಕು. ಈ ಕ್ಯಾಸೆಟ್ಟು ಮಾಡಿದವರು ಅವರನ್ನೆಲ್ಲ ಎಡಗಡೆಗೆ ಕೂರಿಸಿದ್ದಾರೆ. ಸೊಲ್ಲು ಬರುತ್ತಿತ್ತು, ಆದರೆ ಪಕ್ಕದ ಬೀದಿಯಲ್ಲಿ ಯಾರೋ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದಾರೆ ಎನ್ನುವಷ್ಟು ಮಂಕಾಗಿ. ಅವನು ಪಕ್ಕದ ಸೀಟಿನ ಮೇಲೆ ಬಗ್ಗಿ ಎಡಬಾಗಿಲಿನ ಜಾಲರಿಯ ಮೇಲೆ ಅಂಗೈ ಇಟ್ಟ. ಅದು ನಡುಗುತ್ತಿತ್ತು. ನಡುಗುತ್ತದೆ, ಅಂದರೆ ಕೆಲಸ ಮಾಡುತ್ತದೆ. ಆದರೂ ಮನಸ್ಸಿಟ್ಟು ಹಾಡುವುದಿಲ್ಲ. ಕಾರು ಕೊಂಡ ಕಡೆಯವರಿಗೆ ತೋರಿಸಿದ್ದಾಗ ಅವರು ಕಿವಿ ಕೊಟ್ಟಂತೆ ಮಾಡಿ, ಎರಡೂ ಸರಿಯಾಗಿವೆ ಸಾರ್ ಎಂದು ಬಾಗಿಲು ಹಾಕಿದ್ದರು. ಮಾರುವ ತನಕ ಸಾರ್ ಸಾರ್ ಎಂದವರಿಗೆ ಮಾರಿದ ಮೇಲೆ ಏನು ಬಿದ್ದಿದೆ ಎಂದುಕೊಂಡು ಅವನು ಬಂದುಬಿಟ್ಟಿದ್ದ.

ಅದು ಯಶೋದಮ್ಮ ಕೂರುವ ಕಡೆ. ಸಂಕಟ ಇದ್ದದ್ದೇ ಅಲ್ಲಿ. ಹಾಡಿನ ಹುಚ್ಚು ಗುರುಮಲ್ಲಯ್ಯನಿಗೆ ಯಾವ ಕಾಲಕ್ಕೂ ಇದ್ದದ್ದಲ್ಲ; ಕಚೇರಿ, ಮನೆ, ಪೇಪರು, ನಿದ್ದೆ, ಇಷ್ಟರಲ್ಲೇ ಐವತ್ತು ದಾಟಿದ ಆಸಾಮಿ. ಆದರೆ ಕಳೆದ ಬೇಸಿಗೆಯಿಂದ ಹೆಂಡತಿ ಕಾರಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಯಾಕೆಂದು ಅವನಿಗೆ ಗೊತ್ತಿತ್ತು. ಹರದನಹಳ್ಳಿಯಲ್ಲಿ ಅವಳ ಅಣ್ಣ ದೊಡ್ಡಮಲ್ಲಪ್ಪ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಹೊಸ ಕಾರು, ಹೊಸ ಕಲಿಕೆ. ಗುರುಮಲ್ಲಯ್ಯ ಹಿಂದಕ್ಕೆ ತೆಗೆಯುವಾಗ ಚಪ್ಪರದ ಕಂಬಕ್ಕೆ ಮೆಲ್ಲಗೆ ಗುದ್ದಿದ. ಕಂಬ ಬೀಳಲಿಲ್ಲ, ಕಟ್ಟಿದ್ದ ಮಾವಿನ ಸೊಪ್ಪು ಮಾತ್ರ ಯಾರದೋ ಪೇಟದ ಮೇಲೆ ಉದುರಿತು. ಊಟಕ್ಕೆ ಕುಳಿತಾಗ ಯಶೋದಮ್ಮ ತನ್ನ ಕಡೆಯ ಹೆಂಗಸರಿಗೆ ಅದನ್ನು ಬಣ್ಣಿಸುತ್ತಿದ್ದಳು. ಚೆನ್ನಾಗಿಯೇ ಬಣ್ಣಿಸುತ್ತಿದ್ದಳು, ತವರಿನ ಅಂಗಳದಲ್ಲಿ ಅವಳಿಗೆ ದನಿ ಬರುತ್ತಿತ್ತು. ಎಲ್ಲರೂ ನಗುತ್ತಿದ್ದರು. ಅವನು ಎಲೆಯ ಮುಂದಿನಿಂದ ತಲೆ ಎತ್ತಿ, ಸಾಕು ಬಾಯ್ ಮುಚ್ಚಮ್ಮಿ, ನಿನ್ನ ಮಾತ್ ಕೇಳಕ್ಕೆ ಯಾರೂ ಬಂದಿಲ್ಲ ಇಲ್ಲಿ, ಎಂದುಬಿಟ್ಟ. ಪಾಯಸ ಬಡಿಸುತ್ತಿದ್ದವನ ಸೌಟು ಕೂಡ ಗಾಳಿಯಲ್ಲಿ ನಿಂತಿತು. ಯಶೋದಮ್ಮ ನಗುತ್ತಲೇ ಇದ್ದಳು, ನಗುವನ್ನು ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎಲೆಯ ಮೇಲಿನ ಅನ್ನ ಕಲಸಿದಳು.

ಆ ಸಂಜೆ ವಾಪಸು ಬರುವಾಗ ಅವಳು ಏನೂ ಮಾತಾಡಲಿಲ್ಲ. ಆಮೇಲೂ ಅಷ್ಟೆ. ಮೊದಲೆಲ್ಲ ಕಾರು ಹತ್ತಿದರೆ ಸಾಕು, ಅಗೋ ಆ ಹೊಲದಲ್ಲಿ ಅರಿಸಿನ ಎಷ್ಟು ಎತ್ತರಕ್ಕೆ ಬಂದಿದೆ, ಇಗೋ ಈ ಮನೆಯವರು ಯಾವಾಗ ಮೇಲಂತಸ್ತು ಏರಿಸಿದರು ಎಂದು ತನ್ನಷ್ಟಕ್ಕೆ ಗುನುಗುತ್ತಿದ್ದವಳು. ಈಗ ಅವನು ಓರೆಗಣ್ಣಿನಿಂದ ನೋಡಿದಾಗಲೆಲ್ಲ ಅವಳ ಮುಖ ಕಿಟಕಿಯ ಕಡೆ ಇರುತ್ತಿತ್ತು. ಮನೆಯಲ್ಲೂ ಅವಳ ಮಾತು ಕಮ್ಮಿಯಾಗಿತ್ತು, ಆದರೆ ಮನೆಯಲ್ಲಿ ಟಿವಿ ಇತ್ತು, ಕುಕ್ಕರಿತ್ತು. ಕಾರಿನಲ್ಲಿ ಮಾತ್ರ ಆ ಮೌನ ಪಕ್ಕದಲ್ಲೇ ಸೀಟು ಹಿಡಿದು ಕುಳಿತಿರುತ್ತಿತ್ತು. ತಪ್ಪಾಯ್ತು ಎನ್ನುವ ಮಾತು ಅವನ ಗಂಟಲಿನ ತನಕ ಎಷ್ಟೋ ಸಲ ಬಂದಿತ್ತು. ಆದರೆ ಅವನ ವಂಶದಲ್ಲಿ ಯಾವ ಗಂಡಸೂ ಹೆಂಡತಿಗೆ ಅಂಥ ಮಾತು ಹೇಳಿದ್ದನ್ನು ಅವನು ಕೇಳಿರಲಿಲ್ಲ. ಹೇಗೆ ಶುರುಮಾಡಬೇಕು, ಮುಖ ಯಾವ ಕಡೆ ಇಟ್ಟುಕೊಳ್ಳಬೇಕು ಎನ್ನುವುದೇ ಗೊತ್ತಿರಲಿಲ್ಲ. ಅದಕ್ಕೇ ಕ್ಯಾಸೆಟ್ಟು ತಂದ. ಅವಳಿಗೆ ಇಷ್ಟ ಅಂತಲೇ ಮಾದಪ್ಪನ ಕತೆ ತಂದ. ತಂದು ಹಾಕಿದರೆ ಅವಳ ಕಡೆಯ ಸ್ಪೀಕರೇ ಮಂಕು.

ಸೆಟ್ಟನ್ನೇ ಬದಲಾಯಿಸಿಬಿಡಿ ಎಂದು ಕಚೇರಿಯ ಡ್ರೈವರ್ ಹೇಳಿದ್ದ. ಅದು ಆಗದ ಮಾತು. ಡ್ಯಾಶ್‌ಬೋರ್ಡಿನ ಜೊತೆಗೇ ಹುಟ್ಟಿದಂತೆ ಕಂಪನಿಯವರು ಕೂರಿಸಿದ ಸೆಟ್ಟು ಅದು. ಕಾರು ಬಂದ ವರ್ಷದ ಆಯುಧಪೂಜೆಯಲ್ಲಿ ಯಶೋದಮ್ಮ ಸ್ಟೀರಿಂಗಿಗೆ ಇಟ್ಟ ಹಾಗೆ ಅದಕ್ಕೂ ಕುಂಕುಮ ಇಟ್ಟಿದ್ದಳು. ಇಡೀ ಕಾರಿನಲ್ಲಿ ಅವಳು ಧೈರ್ಯವಾಗಿ ಕೈಯಿಡುತ್ತಿದ್ದದ್ದು ಅದರ ಗುಂಡಿಗಳ ಮೇಲೆ ಮಾತ್ರ. ಯಾವುದನ್ನು ಒತ್ತಿದರೆ ಕ್ಯಾಸೆಟ್ಟು ಮಗುಚಿಕೊಳ್ಳುತ್ತದೆ, ಯಾವುದನ್ನು ತಿರುಗಿಸಿದರೆ ದನಿ ಇಳಿಯುತ್ತದೆ ಎನ್ನುವುದನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತಿದ್ದಳು. ಅದನ್ನು ಕಿತ್ತು, ನೀಲಿ ದೀಪ ಮಿಣುಕುವ ಹೊಸದೊಂದನ್ನು ಕೂರಿಸಿದರೆ, ಇದನ್ನೂ ನನ್ನ ಕೈಯಿಂದ ತೆಗೆದರಲ್ಲ ಎಂದು ಅವಳು ಅಂದುಕೊಂಡಾಳು ಎಂಬ ಭಯ ಅವನಿಗೆ. ಸೆಟ್ಟು ಇದ್ದ ಹಾಗೇ ಇರಬೇಕು, ಅವಳ ಕಡೆ ದನಿ ಮಾತ್ರ ಏಳಬೇಕು. ಅಂಥ ಕೆಲಸ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮಾದಣ್ಣನ ಅಂಗಡಿಯಲ್ಲಿ ಚೆನ್ನಾಗಿ ಆಗುತ್ತದೆ, ಕೇರಳದ ಜೀಪಿನವರೆಲ್ಲ ಅಲ್ಲೇ ಮಾಡಿಸುತ್ತಾರೆ ಎಂದು ಅದೇ ಡ್ರೈವರ್ ಹೇಳಿದ ಮೇಲೆ ಗುರುಮಲ್ಲಯ್ಯ ರಜೆ ಹಾಕಿದ್ದ.

ಗುಂಡ್ಲುಪೇಟೆ ಎಂದಾಗ ಯಶೋದಮ್ಮ ತಾನೂ ಬರುತ್ತೇನೆ ಎಂದಿದ್ದಳು. ಈಗ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ದೊಡ್ಡದೊಂದು ಬ್ಯಾಗನ್ನು ತಾನೇ ಹಿಂದಿನ ಸೀಟಿಗೆ ತಳ್ಳಿ, ಅವನ ಎದುರಿಗೆ ಬಂದು ನಿಂತು ಹೇಳಿದಳು.

"ನನ್ನ ಶಿವಮ್ಮನ ಮನೆತಾವ ಇಳಿಸ್ಬುಡಿ ಕಣಿ. ನೀವು ನಿಮ್ ಕೆಲ್ಸ ನೋಡ್ಕಳಿ."

"ಹೂಂ," ಎಂದ. ಶಿವಮ್ಮ ಅವಳ ತಂಗಿ, ಗುಂಡ್ಲುಪೇಟೆಯಲ್ಲಿ ಕೊಟ್ಟಿದ್ದರು. ಬ್ಯಾಗಿನಲ್ಲಿ ತಂಗಿಗೆ ಅಂತ ಅರಿಸಿನವೋ ಅವರೆಯೋ ತುಂಬಿಕೊಂಡಿರಬೇಕು ಎಂದುಕೊಂಡ. ಎದುರಿಗೆ ನಿಂತು ಮಾತಾಡಿದಳಲ್ಲ, ಅದೇ ಅವನಿಗೆ ಅರ್ಧ ಹಬ್ಬವಾಗಿತ್ತು.

ಊರು ದಾಟುವಾಗ ಎದುರು ಮನೆಯ ಹುಚ್ಚಯ್ಯ ರಸ್ತೆ ಬದಿಯಲ್ಲಿ ಸೈಕಲ್ ಹಿಡಿದು ನಿಂತವನು ಇವನ ಕಡೆ ನೋಡಿ ಮುಖ ಬಿಗಿದುಕೊಂಡ. ಈಗೀಗ ಎಲ್ಲರೂ ಹೀಗೆಯೇ. ಮೊನ್ನೆ ಕಚೇರಿಯ ಮೊಗಸಾಲೆಯಲ್ಲಿ ಸಾಹೇಬರು ಇದ್ದಕ್ಕಿದ್ದಂತೆ ಅವನೆದುರು ಬಂದು ನಿಂತು, ಗುರುಮಲ್ಲಯ್ಯ, ಕೂಗಿದರೆ ತಿರುಗಿಯೂ ನೋಡುವುದಿಲ್ಲವಲ್ಲ, ನಿವೃತ್ತಿಗೆ ಮುಂಚೆಯೇ ದೊಡ್ಡವರಾಗಿಬಿಟ್ಟಿರಾ ಎಂದು ಎಲ್ಲರ ಮುಂದೆ ಕೇಳಿದ್ದರು. ಯಾರು ಕೂಗಿದರು, ಯಾವಾಗ ಕೂಗಿದರು? ಜವಾನರು ಮುಸಿಮುಸಿ ನಕ್ಕಿದ್ದರು. ಕೆಲಸದ ಕೊನೆಗಾಲಕ್ಕೆ ಬಂದ ಮನುಷ್ಯನನ್ನು ಎಲ್ಲರೂ ಸೇರಿ ಹೀಗೆ ಮೂಲೆಗೆ ತಳ್ಳುತ್ತಾರೆ ಎಂದು ಅವನು ತೀರ್ಮಾನಿಸಿಕೊಂಡಿದ್ದ. ಕೂಗದೆಯೇ ಕೂಗಿದೆ ಎನ್ನುತ್ತಾರೆ, ಮಾತಾಡಿಸದೆಯೇ ಮಾತಾಡಿಸಿದೆ ಎನ್ನುತ್ತಾರೆ. ಫೋನಿನಲ್ಲಿ ಮಾತ್ರ ಜನ ಮೊದಲಿನ ಹಾಗೇ ಮಾತಾಡುತ್ತಿದ್ದರು. ಮುಖ ನೋಡುವ ಕಷ್ಟ ಇಲ್ಲವಲ್ಲ, ಅದಕ್ಕೇ ಇರಬೇಕು ಎಂದು ಒಮ್ಮೆ ಅನಿಸಿ ಕಣ್ಣು ಒದ್ದೆಯಾಗಿತ್ತು. ಅವನು ಕ್ಯಾಸೆಟ್ಟಿನ ದನಿಯನ್ನು ಇನ್ನಷ್ಟು ಏರಿಸಿದ. ಯಶೋದಮ್ಮ ಕೈ ಚಾಚಿ ಗುಂಡಿ ತಿರುಗಿಸಿ ಅದನ್ನು ಇಳಿಸಿದಳು.

ತೆರಕಣಾಂಬಿ ಕಳೆದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವು ಕಣ್ಣು ಕುಕ್ಕುವಷ್ಟು ಅರಳಿತ್ತು. ಮುಂದೆ ಟ್ರ್ಯಾಕ್ಟರೊಂದು ಹೂವಿನ ಮೂಟೆ ಹೇರಿಕೊಂಡು ಧಡಧಡ ಸದ್ದು ಮಾಡುತ್ತ ಹೋಗುತ್ತಿತ್ತು. ಅದನ್ನು ದಾಟುವುದು ಹೇಗೆಂದು ಅವನು ಬಲಕ್ಕೆ ಬಗ್ಗಿ ನೋಡುತ್ತಿದ್ದಾಗ ಎಡಗಡೆ ಏನೋ ಅಲುಗಿದಂತಾಯಿತು. ಯಶೋದಮ್ಮ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನೇ ನೋಡುತ್ತಿದ್ದಳು. ತುಟಿ ಆಗ ತಾನೇ ಮುಚ್ಚಿಕೊಂಡ ಹಾಗಿತ್ತು. ಹೂವಿನ ಬಗ್ಗೆ ಏನೋ ಅಂದಿರಬೇಕು. ಏನಂದೆ ಎಂದು ಕೇಳಿದರೆ ಎಲ್ಲಿ ಮತ್ತೆ ಮುದುಡಿಕೊಳ್ಳುತ್ತಾಳೋ ಎಂದು ಅವನು ಒಪ್ಪಿಗೆಯ ದನಿಯಲ್ಲಿ, ಆದಷ್ಟು ಮೃದುವಾಗಿ, "ಹೂಂ" ಎಂದ. ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ತಲೆ ಆಡಿಸಿ ಕಿಟಕಿಯ ಕಡೆ ತಿರುಗಿದಳು. ಟ್ರ್ಯಾಕ್ಟರು ದಾಟಿತು. ಗುರುಮಲ್ಲಯ್ಯನಿಗೆ ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು. ಮಾತು ಶುರುವಾಗಿದೆ, ಸ್ಪೀಕರೂ ಸರಿಯಾದರೆ ವಾಪಸು ಬರುವಾಗ ಇಬ್ಬರೂ ಕೇಳಿಕೊಂಡು ಬರಬಹುದು.

ಶಿವಮ್ಮನ ಬೀದಿಯ ತುದಿಯಲ್ಲಿ ಅವಳನ್ನು ಇಳಿಸಿದ. ಅವಳು ಬ್ಯಾಗು ಇಳಿಸಿಕೊಂಡು, ಬಾಗಿಲು ಹಾಕಿ, ಗಾಜಿನ ಆಚೆ ಇನ್ನೂ ಒಂದು ಕ್ಷಣ ನಿಂತಿದ್ದಳು. ಅವನು ಕೈ ಆಡಿಸಿ ಕಾರು ಬಿಟ್ಟ.

ಮಾದಣ್ಣನ ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ಗೋಡೆಯ ತುಂಬ ಬಾಯಿ ತೆರೆದ ಸ್ಪೀಕರುಗಳು. ಕೇರಳದ ಜೀಪೊಂದು ಮುಂದೆ ನಿಂತು ಎದೆ ಅದುರಿಸುವಂತೆ ಬಡಿದುಕೊಳ್ಳುತ್ತಿತ್ತು. ಅದರ ಇಬ್ಬರು ಡ್ರೈವರುಗಳು ಮಡ್‌ಗಾರ್ಡಿಗೆ ಒರಗಿ ಚಹಾ ಕುಡಿಯುತ್ತಿದ್ದರು. ಮಾದಣ್ಣ ನಡುವಯಸ್ಸಿನವನು, ಬಾಯಲ್ಲಿ ಸದಾ ಎಲೆಅಡಿಕೆ, ತಲೆಯ ಮೇಲೆ ಬಣ್ಣ ಹೋದ ಟೋಪಿ. ಗುರುಮಲ್ಲಯ್ಯನ ಅಹವಾಲು ಕೇಳಿ ಸೆಟ್ಟಿನ ಮೇಲೆ ಬೆರಳು ಬಡಿದ.

"ಇದ್ನ ಕಿತ್ತಾಕ್ಬುಡನ ಸಾ. ಹೊಸ್ದು ಕೂರ್ಸಿದ್ರೆ ಪೆನ್‌ಡ್ರೈವ್ ಆಕ್ಬೋದು, ರಿಮೋಟ್ ಇರ್ತದೆ."

"ಸೆಟ್ ಮಾತ್ರ ಮುಟ್ಬೇಡಪ್ಪ. ಅದು ಹಂಗೇ ಇರ್ಲಿ. ಎಡಗಡೆ ದನಿ ಏಳ್ಬೇಕು, ಅಷ್ಟೆ."

"ಯಾಕ್ ಸಾ, ಅಷ್ಟೊಂದು ಪಿರೂತಿ?"

"ಮನೇವ್ರು ಅದ್ಕೆ ಒಗ್ಗಿಕೊಂಡವ್ರೆ," ಎಂದ ಗುರುಮಲ್ಲಯ್ಯ. ಹೇಳಿದ ಮೇಲೆ ನಾಚಿಕೆಯಾಗಿ ಜೀಪಿನ ಕಡೆ ನೋಡಿದ.

"ಅಂಗಂದ್ರೆ ಸರಿ ಬುಡಿ. ಸೆಟ್ಟಿನ ಬೆನ್ನಿಂದ ವೈರ್ ತಕ್ಕಂಡು ಸೀಟ್ ಕೆಳಗ್ ಒಂದು ಆಂಪ್ ಇಡ್ತೀನಿ, ದನಿ ಏರ್ಸಕೆ. ಬಾಗ್ಲಿಗೆ ಹೊಸ ಸ್ಪೀಕರ್. ಮಖ ಹಳೇದೇ ಇರ್ತದೆ, ಗಂಟ್ಲು ಮಾತ್ರ ಹೊಸ್ದು."

ಕೆಲಸ ಶುರುವಾಯಿತು. ಬಾಗಿಲಿನ ಒಳಹಲಗೆಯನ್ನು ಮಾದಣ್ಣ ಮೀನಿನ ಪೊರೆ ಬಿಡಿಸುವವನ ಹಾಗೆ ಬಿಡಿಸಿ ಗೋಡೆಗೆ ಒರಗಿಸಿದ. ಒಳಗೆ ಬರಿಯ ತಗಡು, ತೂತು, ಧೂಳು. ಹಳೆಯ ಸ್ಪೀಕರು ಕಾಗದದ ಬಟ್ಟಲಿನಂತೆ ತೆಳ್ಳಗೆ. ಇದೇ ನೋಡಿ ಸಾ, ಇದ್ರಲ್ಲಿ ಏನ್ ದನಿ ಬಂದಾತು ಎಂದು ಮಾದಣ್ಣ ಅದನ್ನು ಎತ್ತಿ ತೋರಿಸಿದಾಗ ಗುರುಮಲ್ಲಯ್ಯನಿಗೆ ಸಮಾಧಾನವಾಯಿತು. ತಗಡಿಗೆ ಕಪ್ಪನೆಯ ಅಂಟು ಹಾಳೆ ಒತ್ತಿದರು, ಬಾಗಿಲು ಗಲಗಲ ಅನ್ನದಿರಲಿ ಎಂದು. ಅಂಟಿನ ವಾಸನೆ, ಬೆಸುಗೆಗೆ ಸುಟ್ಟ ಸೀಸದ ವಾಸನೆ. ಅವನು ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಊಟಿಗೆ ಹೋಗುವ ಕಾರುಗಳನ್ನು ನೋಡಿದ. ಎಲ್ಲದರಲ್ಲೂ ಇಬ್ಬಿಬ್ಬರು, ಬಾಯಿ ಆಡುತ್ತಿತ್ತು, ಯಾರೋ ಯಾರಿಗೋ ಏನೋ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಯಶೋದಮ್ಮ ಕೋಣೆಯಲ್ಲಿ ಕೂಡ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು. ಗಂಡನ ಮುಂದೆ ಗಂಟಲು ಎತ್ತಬಾರದು, ಒಂದು ಸಲ ಕೇಳಬೇಕು, ಹೂಂ ಅಂದರೆ ಹೂಂ, ಸುಮ್ಮನಿದ್ದರೆ ಸುಮ್ಮನಾಗಬೇಕು ಎಂದು ಅವಳ ಅವ್ವ ಹೇಳಿ ಕಳಿಸಿದ್ದಳಂತೆ. ಅದನ್ನು ಅವಳೇ ಒಂದು ದಿನ ನಗುತ್ತ ಹೇಳಿದ್ದಳು. ಒಳ್ಳೆಯ ಬುದ್ಧಿ ಎಂದು ಅವನು ಆಗ ಮೆಚ್ಚಿಕೊಂಡಿದ್ದ.

"ಬನ್ನಿ ಸಾ, ಕೇಳಿ," ಎಂದು ಮಾದಣ್ಣ ಕರೆದ.

ಗುರುಮಲ್ಲಯ್ಯ ಸ್ಟೀರಿಂಗಿನ ಮುಂದೆ ಕುಳಿತ. ಮಾದಣ್ಣ ಪಕ್ಕದ ಸೀಟಿನಲ್ಲಿ ಕೂತು ಗುಂಡಿ ಒತ್ತಿದ. ಹಾಡುವವನ ದನಿ ಈಗ ಎದೆಯೊಳಗಿಂದಲೇ ಬಂದಂತೆ ತುಂಬಿ ಬಂತು. ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಸಾಲು ಮುಗಿಯಿತು. ಅವನು ಕಾದ. ಸೊಲ್ಲು ಅದೇ ಪಕ್ಕದ ಬೀದಿಯಿಂದ ಬಂತು.

"ಎಡಗಡೆ ಇನ್ನೂ ಮಂಕಾಗೇ ಅದೆಯಲ್ಲಪ್ಪ."

"ಎಲ್ ಸಾ? ಒಡೀತಾ ಅದೆ! ನನ್ ಕಿವಿ ಕಿತ್ಕಂಡು ಓಯ್ತಾ ಅದೆ!"

"ಇಲ್ಲ, ನಂಗೆ ಗೊತ್ತಾಗ್ತದೆ. ಸರಿಯಾಗಿ ನೋಡು."

ಮಾದಣ್ಣ ಅವನನ್ನು ಒಮ್ಮೆ ದಿಟ್ಟಿಸಿ, ಬಾಯಲ್ಲಿದ್ದುದನ್ನು ಹೊರಗೆ ಉಗಿದು, ಇಳಿದು ಹೋಗಿ ಬಾಗಿಲಿನ ಹೊರಗೆ ನಿಂತು ತಲೆ ಕೆರೆದುಕೊಂಡ. ಬೇರೆ ಕ್ಯಾಸೆಟ್ಟು ಹಾಕಿ ನೋಡೋಣ ಎಂದು ಗುರುಮಲ್ಲಯ್ಯ ಹಿಂದಿನ ಸೀಟಿನಲ್ಲಿದ್ದ ಡಬ್ಬಕ್ಕೆ ಕೈ ಚಾಚಿದ. ಎಟುಕಲಿಲ್ಲ. ಮಂಡಿಯನ್ನು ಸೀಟಿನ ಮೇಲೆ ಊರಿ, ಪೂರ್ತಿ ಹಿಂದಕ್ಕೆ ತಿರುಗಿ, ಬೆನ್ನನ್ನು ಸ್ಟೀರಿಂಗಿಗೆ ಕೊಟ್ಟು ಬಗ್ಗಿದ. ಆಗ ಬಂತು. ಒಬ್ಬನಲ್ಲ, ಐದಾರು ಜನ. ತಾಳ, ದಮ್ಮಡಿ, ಎಳೆಯ ಗಂಟಲು, ಮುದಿ ಗಂಟಲು, ಎಲ್ಲ ಸೇರಿ ಸೊಲ್ಲು ಎತ್ತಿಕೊಂಡು ಅವನ ಕಿವಿಯ ತುಂಬ ಸುರಿದರು. ಎಷ್ಟು ಜನ ಇದ್ದರು! ಇಷ್ಟು ದಿನವೂ ಇವರೆಲ್ಲ ಇಲ್ಲೇ ಇದ್ದರು!

"ಬಂತು! ಬಂತು ಮಾದಣ್ಣ! ಈಗ ಸರಿಯಾಯ್ತು!"

"ನಾನು ಏನೂ ಮಾಡ್ನಿಲ್ವಲ್ಲ ಸಾ," ಎಂದ ಮಾದಣ್ಣ ಹೊರಗಿನಿಂದ.

ಗುರುಮಲ್ಲಯ್ಯ ಮುಂದಕ್ಕೆ ತಿರುಗಿ ಕುಳಿತ. ಹಿಮ್ಮೇಳ ಹೊರಟುಹೋಯಿತು. ಮತ್ತೆ ಮಂಡಿಯೂರಿ ಹಿಂದಕ್ಕೆ ತಿರುಗಿದ. ಹಿಮ್ಮೇಳ ಬಂತು, ಆದರೆ ಈಗ ಹಾಡುವವನು ಪಕ್ಕದ ಬೀದಿಗೆ ಹೋಗಿದ್ದ. ತಿರುಗಿದ, ಮತ್ತೆ ತಿರುಗಿದ. ಜೀಪಿನ ಡ್ರೈವರುಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಮಲಯಾಳಂನಲ್ಲಿ ಏನೋ ಹೇಳಿದ, ಇಬ್ಬರೂ ಚಹಾದ ಲೋಟದೊಳಗೆ ನಕ್ಕರು. ಕಚೇರಿಯಲ್ಲಿ ಹತ್ತಾರು ಜನರ ಮೇಲಿನ ಸೂಪರಿಂಟೆಂಡೆಂಟು ತಾನು, ಇಲ್ಲಿ ಹಾದಿಬದಿಯಲ್ಲಿ ಕಾರಿನ ಸೀಟಿನ ಮೇಲೆ ಮಂಡಿಯೂರಿ, ಬೆನ್ನು ರಸ್ತೆಗೆ ಹಾಕಿ, ಹೆಡ್‌ರೆಸ್ಟನ್ನು ತಬ್ಬಿಕೊಂಡು ನಿಂತಿದ್ದೇನೆ ಎಂಬುದು ಗೊತ್ತಿದ್ದೂ ಅವನಿಗೆ ಇಳಿಯಲಾಗಲಿಲ್ಲ. ಎಡಗಡೆಯ ಕಿವಿಯನ್ನು ಬೆರಳಿನಿಂದ ಮುಚ್ಚಿದ. ಏನೂ ಬದಲಾಗಲಿಲ್ಲ. ಬಲಗಡೆಯದನ್ನು ಮುಚ್ಚಿದ. ಊಟಿ ರಸ್ತೆ, ಜೀಪು, ಮಾದಪ್ಪ, ಎಲ್ಲವೂ ಬಾಗಿಲು ಹಾಕಿಕೊಂಡು ಹೊರಟುಹೋದವು.

ಬೆರಳು ತೆಗೆದಾಗ ಮಾದಣ್ಣ ಬಾಗಿಲಿಗೆ ಕೈಕೊಟ್ಟು ನಿಂತಿದ್ದ. ನಗಲಿಲ್ಲ. "ಸಾ, ಕಿವೀಗೆ ಏನಾರ ನೀರ್ ಗೀರ್ ಓಗಿತ್ತಾ?"

"ವೈರ್ ಲೂಸಿರ್ಬೇಕು ನೋಡಪ್ಪ," ಎಂದ ಗುರುಮಲ್ಲಯ್ಯ.

"ಇರ್ಬೋದು ಸಾ. ನೋಡ್ತೀನಿ ಬುಡಿ," ಎಂದು ಮಾದಣ್ಣ ಸುಮ್ಮನೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ.

ಕಾರಿನ ಬಾಗಿಲುಗಳು ಬಿಚ್ಚಿಕೊಂಡೇ ಇದ್ದವು. ಒಂದು ಗಳಿಗೆ ಬತ್ತೀನಿ ಎಂದು ಹೇಳಿ ಅವನು ರಸ್ತೆಗೆ ಇಳಿದು ಶಿವಮ್ಮನ ಬೀದಿಯ ಕಡೆ ನಡೆಯತೊಡಗಿದ. ಎಡಗಡೆಯಿಂದ ಬಂದ ಆಟೋ ಬೈದುಕೊಂಡು ಹೋಯಿತು. ಬೈದದ್ದು ಅದು ಮುಂದೆ ಹೋದ ಮೇಲೆ ತಿಳಿಯಿತು. ಹಾಗಾದರೆ ಹುಚ್ಚಯ್ಯ ಮಾತಾಡಿಸಿದ್ದಾನೆ. ಸಾಹೇಬರು ಕೂಗಿದ್ದಾರೆ. ಅವನ ತಲೆಯೊಳಗೆ ಇಡೀ ಮನೆ ಈಗ ಮಗುಚಿಕೊಳ್ಳುತ್ತಿತ್ತು. ಹಜಾರದಲ್ಲಿ ಅವನ ಕುರ್ಚಿ, ಎದುರಿಗೆ ಟಿವಿ, ಎಡಗಡೆಗೆ ಅಡಿಗೆಮನೆಯ ಬಾಗಿಲು. ಆ ಬಾಗಿಲಲ್ಲಿ ಅವಳು ಬಂದು ನಿಂತಿರುತ್ತಿದ್ದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಯಾವಾಗಲೋ ನಿಂತು ಯಾವಾಗಲೋ ಹೋಗಿರುತ್ತಿದ್ದಳು. ಯಾಕೆ ಸುಮ್ಮನೆ ನಿಂತು ಹೋಗುತ್ತಾಳೆ, ಇನ್ನೂ ಕೋಪವೇ ಎಂದು ಅವನು ಟಿವಿಯ ದನಿ ಏರಿಸುತ್ತಿದ್ದ. ಅವಳು ಸುಮ್ಮನೆ ನಿಂತಿರಲಿಲ್ಲ. ಕಾರಿನಲ್ಲಿ ಅವಳು ಕೂರುವುದು ಎಡಗಡೆ. ಹಾಸಿಗೆಯಲ್ಲಿ ಅವನು ಮಲಗುವುದು ಬಲಕ್ಕೆ ಹೊರಳಿ, ಬಲಗಿವಿಯನ್ನು ದಿಂಬಿಗೆ ಒತ್ತಿ. ಅಂಗಳದಲ್ಲಿ ಆಡಿದ ಒಂದು ಮಾತು ತಿಂಗಳುಗಟ್ಟಲೆ ತನ್ನನ್ನು ಶಿಕ್ಷಿಸುತ್ತಿದೆ ಎಂದು ಅವನು ನಂಬಿದ್ದ. ಆ ನಂಬಿಕೆಯಲ್ಲಿ ಒಂದು ಬಗೆಯ ಸುಖವೂ ಇತ್ತು, ತಪ್ಪು ತನ್ನದು, ಶಿಕ್ಷೆ ಕೊಡುವವಳು ಅವಳು, ಲೆಕ್ಕ ಸರಿಹೋಗುತ್ತಿದೆ ಎಂಬಂತೆ. ಅವಳು ಯಾವ ಶಿಕ್ಷೆಯನ್ನೂ ಕೊಟ್ಟಿರಲಿಲ್ಲ. ಅವಳು ಮಾತಾಡಿದ್ದಳು. ಅವನು ಉತ್ತರ ಕೊಟ್ಟಿರಲಿಲ್ಲ. ನಿನ್ನ ಮಾತು ಕೇಳಲು ಯಾರೂ ಬಂದಿಲ್ಲ ಎಂದದ್ದನ್ನು ಅವನು ಅವತ್ತಿನಿಂದ ದಿನವೂ ಹೇಳುತ್ತಲೇ ಇದ್ದ. ಆ ಬಿಸಿಲಿನಲ್ಲಿ ಗುರುಮಲ್ಲಯ್ಯನಿಗೆ ಅಳು ಬಂತು, ಓಡಬೇಕು ಅನಿಸಿತು, ಅವನ ವಯಸ್ಸಿನವರು ಓಡಿದರೆ ಜನ ಸಾವೋ ಏನೋ ಅಂದುಕೊಳ್ಳುತ್ತಾರೆ ಎಂದು ಬಿರಬಿರನೆ ನಡೆದ.

ಶಿವಮ್ಮ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಭಾವನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು.

"ಬನ್ನಿ ಭಾವ. ಕಾರ್ ಎಲ್ಲಿ?"

"ಅಂಗ್ಡೀಲದೆ. ನಿಮ್ಮಕ್ಕನ್ನ ಕರಿ."

ಶಿವಮ್ಮ ಸಿಪ್ಪೆಯ ಮೊರ ಹಿಡಿದೇ ನಿಂತಳು. "ಅಕ್ಕ ಈಗ ಓದ್ಲಲ್ಲ ಬಸ್‌ಸ್ಟ್ಯಾಂಡ್ಗೆ. ನಂಜನಗೂಡ್ಗೆ, ಭವ್ಯನ ಮನೇಗೆ. ನಿಮ್ಗೆ ಯೋಳಿವ್ನಿ ಅಂದ್ಲಲ್ಲ? ಕಾರಲ್ಲಿ ಬತ್ತಾ ಕೂಡ ಓಗ್ಲಾ ಅಂತ ಕೇಳ್ದೆ, ಹೂಂ ಅಂದ್ರು ಅಂದ್ಲು."

"ಗೊತ್ತು, ಗೊತ್ತು," ಎಂದ ಗುರುಮಲ್ಲಯ್ಯ. ಭವ್ಯ ಅವನ ಮತ್ತು ಯಶೋದಮ್ಮನ ಒಬ್ಬಳೇ ಮಗಳು. ಅವಳ ಕೂಸು ಚಿಕ್ಕದು, ಅವಳು ಹೊಸದಾಗಿ ಕೆಲಸಕ್ಕೆ ಸೇರಿದ್ದಳು, ಅಷ್ಟು ಅವನಿಗೆ ಗೊತ್ತಿತ್ತು.

"ಆ ಕೂಸಿನ್ ನೋಡ್ಕಳೋರ್ ಯಾರು ಪಾಪ. ಆದ್ರೂ ಅಕ್ಕಂಗೆ ಮನ್ಸಿರ್ನಿಲ್ಲ ಭಾವ. ಬ್ಯಾಡ ಅನ್ನಲಿ ಅಂತ್ಲೇ ಕೇಳ್ದೆ ಕಣೆ ಶಿವಿ, ಒಂದ್ ದಪ ಬ್ಯಾಡ ಅಂದಿದ್ರೆ ಸಾಕಾಗಿತ್ತು, ಹೂಂ ಅಂದ್ಬುಟ್ರು ಅಂತ ಕಣ್ಣಲ್ ನೀರಾಕ್ಕಂಡ್ಲು." ಶಿವಮ್ಮ ಹೇಳಬಾರದ್ದನ್ನು ಹೇಳಿದೆ ಎಂಬಂತೆ ತುಟಿ ಕಚ್ಚಿಕೊಂಡಳು. "ಕಾಪಿ ಮಾಡ್ತೀನಿ, ಕೂತ್ಕಳಿ."

ಎಷ್ಟು ದಿನಕ್ಕೆ ಹೋದಳು ಎಂದು ಕೇಳಬೇಕಿತ್ತು. ತನ್ನ ಹೆಂಡತಿ ಎಷ್ಟು ದಿನಕ್ಕೆ ಹೋದಳೆಂದು ನಾದಿನಿಯ ಬಾಯಿಂದ ಕೇಳಿ ತಿಳಿಯುವುದು ಹೇಗೆ? ಅವನು ಏನೋ ಕೆಮ್ಮಿ, ಕಾಫಿ ಬೇಡವೆಂದು ಕೈ ಆಡಿಸಿ, ಹೊರಟ.

ಬಸ್ ನಿಲ್ದಾಣದಲ್ಲಿ ನಂಜನಗೂಡಿನ ಮೇಲೆ ಹೋಗುವ ಮೈಸೂರಿನ ಬಸ್ಸು ಇಂಜಿನ್ ಹಚ್ಚಿಕೊಂಡು ನಿಂತಿತ್ತು. ಇಡೀ ಬಸ್ಸು ನಡುಗುತ್ತಿತ್ತು. ಯಶೋದಮ್ಮ ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಕುಳಿತಿದ್ದಳು, ಬ್ಯಾಗು ತೊಡೆಯ ಮೇಲೆ. ಅವನನ್ನು ಕಂಡು ಅವಳ ಮುಖ ಅರಳಿತೋ ಗಾಬರಿಯಾಯಿತೋ, ಅರ್ಧ ಎದ್ದು ಕಿಟಕಿಯ ಗಾಜನ್ನು ಸರಿಸಿದಳು. ಅವನು ಕಿಟಕಿಯ ಕೆಳಗೆ ಹೋಗಿ ನಿಂತು ತಲೆ ಎತ್ತಿದ. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡ ಮಾತು ಚಿಕ್ಕದೇ ಇತ್ತು: ನನ್ನ ಎಡಗಿವಿ ಕೇಳಲ್ಲ ಕಣೆ, ನೀನು ಹೇಳಿದ್ದು ಒಂದೂ ನಂಗೆ ಕೇಳಿಲ್ಲ. ಆದರೆ ಅವಳ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಬಗ್ಗಿ ನೋಡುತ್ತಿದ್ದಳು. ಮುಂದಿನ ಬಾಗಿಲಲ್ಲಿ ಅವನ ಕಚೇರಿಗೆ ಬಂದುಹೋಗುವ ಯಾರೋ ಒಬ್ಬ ನಿಂತು, ನಮಸ್ಕಾರ ಸಾ ಎಂದು ಕೈಮುಗಿದ. ಈ ಇಂಜಿನ್ನಿನ ಸದ್ದಿನಲ್ಲಿ ಹೇಳಬೇಕಾದರೆ ಇಡೀ ನಿಲ್ದಾಣಕ್ಕೆ ಕೇಳುವಂತೆ ಕಿರುಚಬೇಕು. ಕಿವುಡ ಎನ್ನುವ ಶಬ್ದ ಅವನ ನಾಲಿಗೆಯ ತುದಿಯಲ್ಲಿ ಕೂತು ಅವನನ್ನೇ ನೋಡಿತು. ಅವನು ಅದನ್ನು ನುಂಗಿಕೊಂಡ.

"ಯಾವಾಗ ಬತ್ತೀಯ?" ಎಂದು ಮಾತ್ರ ಕೇಳಿದ.

"ಅದ್ನೂ ಯೋಳಿದ್ನಲ್ಲ," ಎಂದಳು. ತುಟಿಯ ಆಟದಿಂದಲೇ ಅಷ್ಟು ತಿಳಿಯಿತು.

"ಇನ್ನೊಂದ್ ಸಲ ಹೇಳು."

ಮೂವತ್ತು ವರ್ಷದಲ್ಲಿ ಅವನು ಅವಳಿಗೆ ಇಂಥ ಮಾತು ಹೇಳಿದ್ದೇ ಇಲ್ಲ. ಯಶೋದಮ್ಮ ಅವನನ್ನು ನೋಡಿದಳು. ಮುಖದ ಬಿಗಿತ ಸಡಿಲಿ, ಹಳೆಯ ಕಾಲದ ಯಾವುದೋ ಒಂದು ಎಳೆತನ ಅಲ್ಲಿ ಬಂದು ನಿಂತಿತು. ಕಂಬಿಗೆ ಹಣೆ ತಾಗುವಷ್ಟು ಬಗ್ಗಿ, ಪಕ್ಕದವರಿಗೆ ಕೇಳಬಾರದೆಂದು ಕೈ ಮರೆಮಾಡಿ, ತನ್ನ ಎಂದಿನ ಆ ಸಣ್ಣ ದನಿಯಲ್ಲಿ ಹೇಳಲು ಶುರುಮಾಡಿದಳು. ಒಂದು ಅಕ್ಷರವೂ ತಪ್ಪಬಾರದು ಎಂದು ಗುರುಮಲ್ಲಯ್ಯ ಕತ್ತನ್ನು ಪೂರ್ತಿ ತಿರುಗಿಸಿ, ಕೇಳುವ ಕಿವಿಯನ್ನು ಕಿಟಕಿಗೆ ಎತ್ತಿ ಹಿಡಿದ. ಅವನ ಮುಖ ಈಗ ನಿಲ್ದಾಣದ ಗೇಟಿನ ಕಡೆಗಿತ್ತು. "ನೀವು ಒಂದ್ ಮಾತು..." ಎಂಬುದು ಕೇಳಿಸಿತು, ಎಷ್ಟೋ ತಿಂಗಳ ಮೇಲೆ, ಕಿವಿಯ ಹತ್ತಿರ, ಸ್ಪಷ್ಟವಾಗಿ. ಅವನು ಕಣ್ಣು ಮುಚ್ಚಿಕೊಂಡು ಮುಂದಿನದಕ್ಕೆ ಕಾದ. ಮುಂದಿನದು ಬರಲಿಲ್ಲ. ಇಂಜಿನ್ ಇತ್ತು, ಕಂಡಕ್ಟರನ ವಿಸಿಲ್ ಇತ್ತು, ಅವಳ ದನಿ ಇರಲಿಲ್ಲ.

ತಿರುಗಿ ನೋಡಿದಾಗ ಅವಳು ಆಗಲೇ ಹಿಂದಕ್ಕೆ ಒರಗಿದ್ದಳು. ತಾನು ಬಾಯಿ ತೆರೆದೊಡನೆ ಗಂಡ ಮುಖ ತಿರುಗಿಸಿ ಗೇಟು ನೋಡಿದ್ದನ್ನು ಕಂಡವಳ ಮುಖ ಅದು; ಅದರಲ್ಲಿ ಕೋಪವೂ ಇರಲಿಲ್ಲ. "ಇಲ್ಲ, ಹಂಗಲ್ಲ ಕಣೆ, ಹೇಳು, ಹೇಳು," ಎಂದು ಅವನು ಕೂಗಿದ. ಅವಳು ಅದಕ್ಕೆ "ಹೂಂ" ಎಂದಳು, ಅಥವಾ ಹಾಗೆ ತಲೆ ಆಡಿಸಿದಳು, ಗಾಜನ್ನು ಎಳೆದುಕೊಂಡಳು. ಬಸ್ಸು ಹೊರಟಿತು.